ಮೊದಲು ನಗರ, ಆಮೇಲೆ ಕಡಲು: ನಡುವಿನ ದಿನವೇ ನಾಜೂಕು

ಸಂಜೆ ಕತ್ತಲಾಗುವ ಹೊತ್ತಿಗೆ ಕಡಲ ದಂಡೆಯ ಪಕ್ಕ ಒಂದು ಕಾರು ಬಂದು ನಿಲ್ಲುತ್ತದೆ. ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಪೇಟೆ ಬೀದಿ, ಆಮೇಲೆ ಐದು ಗಂಟೆಗಳ ದಾರಿ ಮುಗಿಸಿ ಬಂದ ಕುಟುಂಬ ಅದು. ಬಾಗಿಲು ತೆರೆದದ್ದೇ ತಡ, ಮಕ್ಕಳು ನೀರಿನ ಕಡೆಗೆ ಓಡುತ್ತಾರೆ. ತಾಯಿ ಡಿಕ್ಕಿಯಲ್ಲಿ ಟವೆಲ್ ಹುಡುಕುತ್ತಿದ್ದಾರೆ; ಅದು ಮೂರು ಸೂಟ್‌ಕೇಸುಗಳ ಅಡಿಯಲ್ಲಿದೆ. ತಂದೆ ಫೋನಿನಲ್ಲಿ ತಂಗುವ ಜಾಗದ ದಾರಿ ಕೇಳುತ್ತಿದ್ದಾರೆ. ಮಕ್ಕಳ ಕಡೆಗೆ ಯಾರ ಕಣ್ಣೂ ಇಲ್ಲ.

ಈ ದೃಶ್ಯವನ್ನು ಬೇರೆ ಬೇರೆ ದಂಡೆಗಳಲ್ಲಿ ಎಷ್ಟು ಸಲ ಕಂಡಿದ್ದೇನೆಂದರೆ, ಕಾರು ನಿಂತ ರೀತಿಯಲ್ಲೇ ಮುಂದೇನಾಗುತ್ತದೆ ಎಂದು ಹೇಳಬಲ್ಲೆ. ನಗರವನ್ನೂ ಕಡಲನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದು ಒಳ್ಳೆಯ ಯೋಚನೆಯೇ. ನಗರದಲ್ಲಿ ಏನು ನೋಡಬೇಕು, ಕಡಲಲ್ಲಿ ಎಷ್ಟು ದಿನ ಇರಬೇಕು ಎಂದು ಜನ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಒಂದರಿಂದ ಇನ್ನೊಂದಕ್ಕೆ ದಾಟುವ ದಿನದ ಬಗ್ಗೆ ಮಾತ್ರ ಯೋಚಿಸುವುದಿಲ್ಲ. ಪ್ರವಾಸ ಕೆಡುವುದು ಆ ದಿನವೇ.

ಹಂತ 1: ಕ್ರಮ ತೀರ್ಮಾನಿಸಿ

ಮೊದಲು ನಗರ, ಆಮೇಲೆ ಕಡಲು. ಇದರಲ್ಲಿ ರಾಜಿ ಬೇಡ. ಮೂರು ದಿನ ಅಲೆಯಲ್ಲಿ ಆಡಿದ ಮಗುವನ್ನು ಗಾಜಿನ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಬಿಸಿಲಿಗೆ ಕೆಂಪಾದ ಹೆಗಲ ಮೇಲೆ ಚೀಲದ ಪಟ್ಟಿ ಉಜ್ಜುವಾಗ ದೊಡ್ಡವರಿಗೂ ಯಾವ ಚಿತ್ರಕಲೆಯೂ ರುಚಿಸುವುದಿಲ್ಲ. ನಡೆಯುವ ಕೆಲಸ ಕಾಲಿನಲ್ಲಿ ಕಸುವಿರುವಾಗ ಮುಗಿಯಲಿ.

ಏಳು ದಿನಗಳ ರಜೆಯಾದರೆ ಎರಡು ದಿನ ನಗರಕ್ಕೆ, ಒಂದು ದಿನ ದಾಟಲು, ಮೂರು ದಿನ ಕಡಲಿಗೆ, ಒಂದು ದಿನ ಮರಳಲು. ಒಂದೇ ನಗರ, ಒಂದೇ ದಂಡೆ. ದಾರಿಯಲ್ಲೇ ಸಿಗುತ್ತದೆ ಎಂದು ಇನ್ನೊಂದು ಊರನ್ನು ಸೇರಿಸಿದಿರೋ, ದಾಟುವ ದಿನವನ್ನು ಆಗಲೇ ಕಳೆದುಕೊಂಡಿರಿ.

ಹಂತ 2: ನಗರದಲ್ಲಿ ದಿನಕ್ಕೆ ಒಂದು

ಹೊರಡುವ ಮೊದಲು ರಜಾ ದಿನಗಳನ್ನು ನೋಡಿಕೊಳ್ಳಿ. ಬಹಳಷ್ಟು ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ, ಆದರೆ ಎಲ್ಲವೂ ಅಲ್ಲ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ ರಜೆ, ತಾಜ್‌ಮಹಲಿಗೆ ಶುಕ್ರವಾರ. ಬಾಗಿಲ ತನಕ ಹೋಗಿ ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಕುಟುಂಬಗಳಿಗೆ ಲೆಕ್ಕವಿಲ್ಲ.

ದಿನಕ್ಕೆ ಒಂದೇ ದೊಡ್ಡ ಸ್ಥಳ, ಅದೂ ಬೆಳಿಗ್ಗೆ, ಹೆಚ್ಚೆಂದರೆ ಒಂದೂವರೆ ಗಂಟೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ ಅವರು 1916ರಷ್ಟು ಹಿಂದೆಯೇ ‘ಮ್ಯೂಸಿಯಂ ದಣಿವು’ ಎಂಬ ಲೇಖನ ಬರೆದಿದ್ದರು. ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ನೋಡಲು ಒಬ್ಬ ವ್ಯಕ್ತಿ ಬಗ್ಗುವುದು, ಕುಕ್ಕರಿಸುವುದು, ಕತ್ತು ಚಾಚುವುದು ಎಲ್ಲವನ್ನೂ ಫೋಟೊ ತೆಗೆಸಿ ತೋರಿಸಿದ್ದರು. ದೊಡ್ಡವರ ಪಾಡೇ ಅದಾದರೆ, ದೊಡ್ಡವರ ಎತ್ತರಕ್ಕೆ ತೂಗುಹಾಕಿದ ಚಿತ್ರಗಳ ಕೆಳಗೆ ನಡೆಯುವ ಮಗುವಿನ ಪಾಡೇನು?

ಒಂದು ಉಪಾಯ ಪ್ರತಿ ಸಲವೂ ಕೈಹಿಡಿದಿದೆ. ಒಳಗೆ ಹೋದ ಕೂಡಲೇ ಅಲ್ಲಿನ ಪುಟ್ಟ ಅಂಗಡಿಗೆ ಹೋಗಿ. ಪ್ರತಿ ಮಗುವೂ ತನಗೆ ಇಷ್ಟವಾದ ಮೂರು ಚಿತ್ರಗಳ ಕಾರ್ಡ್ ಆರಿಸಿಕೊಳ್ಳಲಿ. ಆಮೇಲೆ ಆ ಮೂರನ್ನು ಕಟ್ಟಡದಲ್ಲಿ ಹುಡುಕುವುದೇ ಭೇಟಿಯ ಉದ್ದೇಶ. ಹುಡುಕುತ್ತಾ ಹೋಗುವಾಗ ಉಳಿದದ್ದೆಲ್ಲವೂ ಕಣ್ಣಿಗೆ ಬೀಳುತ್ತದೆ. ಮೂರೂ ಸಿಕ್ಕಿದವೆಂದರೆ ಹೊರಗೆ ಬನ್ನಿ.

ನಗರದಲ್ಲಿರುವಷ್ಟು ದಿನ ಕಾರು ತಂಗಿದ ಜಾಗದಲ್ಲೇ ನಿಂತಿರಲಿ. ನಡೆಯಿರಿ, ಬಸ್ ಹಿಡಿಯಿರಿ.

ಹಂತ 3: ಕಾರು

ಟಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು, ಟಯರ್ ತಣ್ಣಗಿರುವಾಗ ನೋಡಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಹಲವು ಕಾರುಗಳಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ನಿಮಗೆ ಬೇಕಾದದ್ದು ಅದು. ಸ್ಟೆಪ್ನಿಯನ್ನೂ ಮರೆಯಬೇಡಿ.

ಹಂತ 4: ಡಿಕ್ಕಿ ತುಂಬುವುದು

ನಾಜೂಕಿನ ಕೆಲಸ ಇಲ್ಲಿಂದ ಶುರು. ಮನೆಯಿಂದ ಹೊರಡುವಾಗಲೇ ಸಾಮಾನನ್ನು ವ್ಯಕ್ತಿಗೊಂದು ಸೂಟ್‌ಕೇಸ್ ಎಂದು ಹಂಚಬೇಡಿ, ಸ್ಥಳಕ್ಕೊಂದು ಎಂದು ಹಂಚಿ. ನಗರದ ಬಟ್ಟೆಗಳೆಲ್ಲ ಒಂದರಲ್ಲಿ, ಕಡಲ ದಿನಗಳ ಬಟ್ಟೆಗಳೆಲ್ಲ ಇನ್ನೊಂದರಲ್ಲಿ. ನಗರದಲ್ಲಿ ಕಡಲ ಸೂಟ್‌ಕೇಸನ್ನು ತೆರೆಯುವ ಮಾತೇ ಇಲ್ಲ. ನಗರ ಬಿಡುವ ದಿನ ನಗರದ್ದು ಡಿಕ್ಕಿಯ ತಳಕ್ಕೆ ಹೋಗುತ್ತದೆ, ಅದರ ಕೆಲಸ ಮುಗಿಯಿತು.

ಇವೆರಡರ ಜೊತೆಗೆ ಮೂರನೆಯದೊಂದು ಬೇಕು. ಮೇಲೆ ಬಾಯಿ ತೆರೆದಿರುವ ಒಂದು ಕೈಚೀಲ. ನಮ್ಮ ಮನೆಯಲ್ಲಿ ಅದನ್ನು ‘ಮೊದಲ ಗಂಟೆಯ ಚೀಲ’ ಎನ್ನುತ್ತೇವೆ. ಕಡಲು ಮುಟ್ಟಿದ ಮೊದಲ ಗಂಟೆಗೆ ಬೇಕಾದದ್ದಷ್ಟೇ ಅದರಲ್ಲಿ: ಒಬ್ಬೊಬ್ಬರಿಗೆ ಒಂದು ಟವೆಲ್, ಈಜುಡುಗೆ, ಟೊಪ್ಪಿ, ಸನ್‌ಸ್ಕ್ರೀನ್, ನೀರಿನ ಬಾಟಲಿ, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಒಂದು ಡಬ್ಬಿ ಟಾಲ್ಕಂ ಪೌಡರ್. ಈ ಚೀಲ ಡಿಕ್ಕಿಗೆ ಎಲ್ಲಕ್ಕಿಂತ ಕೊನೆಗೆ ಹೋಗಬೇಕು, ಎಲ್ಲಕ್ಕಿಂತ ಮೊದಲು ಹೊರಬರಬೇಕು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಮಾತ್ರ ಏನನ್ನೂ ಇಡಬೇಡಿ. ಗಟ್ಟಿ ಬ್ರೇಕ್ ಹಾಕಿದರೆ ಅಲ್ಲಿರುವ ಬಾಟಲಿ ಹಿಂದಿನ ಸೀಟಿನಲ್ಲಿ ಕುಳಿತವರ ತಲೆಗೇ ಬರುತ್ತದೆ.

ಕೊಳ್ಳಬಾರದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ನೀಲಿ, ತಿಳಿಹಸಿರು, ಬೂದು ಬಣ್ಣದ ಈಜುಡುಗೆ ಬೇಡ. ನೀರಿನಡಿ ಒಂದಡಿ ಮುಳುಗಿದರೂ ಅದು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗಾಢ ಗುಲಾಬಿ ತೆಗೆದುಕೊಳ್ಳಿ. ಗಾಳಿ ತುಂಬಿ ತೋಳಿಗೆ ಹಾಕುವ ಬಲೂನು, ತೇಲುವ ಹಾಸಿಗೆ, ಪ್ರಾಣಿಯಾಕಾರದ ದೋಣಿ ಇವು ಈಜುಕೊಳದ ಆಟಿಕೆಗಳು, ಕಡಲಿಗೆ ತರಲೇಬೇಡಿ. ನೆಲದ ಕಡೆಯಿಂದ ಬೀಸುವ ಗಾಳಿ ಅದನ್ನು ಮಗುವಿನ ಸಮೇತ ಒಳಕ್ಕೆ ತಳ್ಳುತ್ತದೆ. ಸ್ಪ್ರೇ ಸನ್‌ಸ್ಕ್ರೀನ್ ದಂಡೆಯ ಗಾಳಿಯಲ್ಲಿ ಅರ್ಧ ಹಾರಿಹೋಗುತ್ತದೆ. ಕೈಯಿಂದ ಹಚ್ಚುವ ಕ್ರೀಮೇ ಸರಿ. ಎಸ್‌ಪಿಎಫ್ 30ಕ್ಕೆ ಕಡಿಮೆಯದು ಬೇಡ. ನೀರಿಗಿಳಿಯುವ ಕಾಲು ಗಂಟೆ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ನೀರಿನಿಂದ ಎದ್ದಾಗಲೆಲ್ಲ ಹಚ್ಚಿ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಮೈತುಂಬ ಬಟ್ಟೆಯೇ ರಕ್ಷಣೆ.

ಹಂತ 5: ದಾಟುವ ದಿನ

ನಗರದಿಂದ ಬೆಳಗಿನ ಜಾವವೇ ಹೊರಡಿ. ‘ಹೇಗೂ ಮಧ್ಯಾಹ್ನದವರೆಗೆ ಸಮಯವಿದೆ, ಇನ್ನೊಂದು ಜಾಗ ನೋಡಿಬಿಡೋಣ’ ಎಂಬ ಮಾತಿಗೆ ಯಾರೂ ಕಿವಿಗೊಡಬಾರದು. ನೋಡದೆ ಉಳಿದದ್ದು ಉಳಿಯಲಿ. ಸ್ಟೀರಿಂಗ್ ಹಿಂದೆ ನಾಲ್ಕು ಗಂಟೆಗೆ ಮೀರದ ದಾರಿಯನ್ನೇ ಆರಿಸಿಕೊಳ್ಳಿ. ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ. ಚಾಲಕ ಇಳಿದು ನಡೆಯಬೇಕು, ಸೀಟಿನಲ್ಲೇ ಕಣ್ಣು ಮುಚ್ಚಿದರೆ ಸಾಲದು.

ಮಕ್ಕಳಿಗೆ ವಾಕರಿಕೆ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. ಒಳಗಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಮೊಬೈಲಿನಲ್ಲಿ ನೆಟ್ಟ ಕಣ್ಣು ‘ಇಲ್ಲ, ಕದಲಿಲ್ಲ’ ಎನ್ನುತ್ತದೆ. ಆ ತಿಕ್ಕಾಟವೇ ವಾಂತಿಗೆ ಕಾರಣ. ಪರದೆಯನ್ನು ತೆಗೆದಿಡಿ, ಮುಂದಿನ ಗಾಜಿನಾಚೆ ದೂರಕ್ಕೆ ನೋಡಲು ಹೇಳಿ, ಕಿಟಕಿ ತುಸು ಇಳಿಸಿ.

ನಿಲ್ಲಿಸಿದ ಕಡೆ ಮಗು ನಿದ್ದೆಯಲ್ಲಿದೆ ಎಂದು ಕಾರಿನಲ್ಲೇ ಬಿಟ್ಟುಹೋಗಬೇಡಿ, ಎರಡು ನಿಮಿಷಕ್ಕೂ ಬೇಡ. ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿಯನ್ನು ಬೆರಳಗಲ ತೆರೆದಿಟ್ಟರೆ ಏನೂ ಪ್ರಯೋಜನವಿಲ್ಲ.

ಮಧ್ಯಾಹ್ನದೊಳಗೆ ತಂಗುವ ಜಾಗ ಸೇರಿ. ಊಟ ಮಾಡಿ, ಮಲಗಿ. ಕಡಲು ಕಿಟಕಿಯಲ್ಲೇ ಕಾಣುತ್ತಿದ್ದರೂ ಮಲಗಿ. ನಾಲ್ಕರ ನಂತರ ಮೊದಲ ಗಂಟೆಯ ಚೀಲ ಹಿಡಿದು ದಂಡೆಗೆ ನಡೆಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ದಂಡೆ ಮುಟ್ಟಿದ ಮೊದಲ ಹದಿನೈದು ನಿಮಿಷ ಯಾರೂ ನೀರಿಗೆ ಕಾಲಿಡಬಾರದು. ಮರಳು ತುಸು ಎತ್ತರವಿರುವ ಕಡೆ ಎಲ್ಲರೂ ಸಾಲಾಗಿ ಕುಳಿತು ನೀರನ್ನು ನೋಡಿ. ಹದಿನೈದು ನಿಮಿಷವೇ ಏಕೆಂದರೆ, ದೊಡ್ಡ ಅಲೆಗಳು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವೆ ಹಲವು ನಿಮಿಷ ಕಡಲು ಸಾಧುವಾಗಿ ಕಾಣುತ್ತದೆ. ಆ ಬಿಡುವಿನಲ್ಲಿ ಬಂದವರು ಅದೇ ಕಡಲ ಸ್ವಭಾವವೆಂದು ತಿಳಿದು ಇಳಿಯುತ್ತಾರೆ.

ಅಲೆಗಳು ಎಲ್ಲಿ ಒಡೆಯುತ್ತಿವೆ ಎಂದು ನೋಡುತ್ತಾ ಹೋಗಿ. ಬಿಳಿ ನೊರೆಯ ಉದ್ದ ಸಾಲಿನ ನಡುವೆ ಒಂದು ಕಡೆ ನೊರೆಯೇ ಇಲ್ಲದ ಓಣಿ ಕಾಣಬಹುದು. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಅಕ್ಕಪಕ್ಕದ್ದಕ್ಕಿಂತ ಗಾಢವಾಗಿರುತ್ತದೆ, ಮೇಲ್ಮೈ ಸಣ್ಣಗೆ ಸುಕ್ಕುಗಟ್ಟಿರುತ್ತದೆ. ದಿಟ್ಟಿಸಿದರೆ ನೊರೆಯ ಚೂರುಗಳೋ ಕಲಕಿದ ಮರಳೋ ದಡದಿಂದ ಒಳಕ್ಕೆ ಸಾಗುವುದು ತಿಳಿಯುತ್ತದೆ. ‘ಅಲ್ಲಿ ಅಲೆಯಿಲ್ಲ, ಮಕ್ಕಳಿಗೆ ಅದೇ ಸರಿ’ ಎಂದು ಪೋಷಕರು ಮಗುವಿನ ಕೈಹಿಡಿದು ನೇರವಾಗಿ ಆ ಓಣಿಗೇ ನಡೆಯುವುದನ್ನು ಕಂಡು ನಾನು ಓಡಿಹೋಗಿ ತಡೆದದ್ದುಂಟು. ಅದು ಕಡಲ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಮರಳುವುದು ಆ ಓಣಿಯಿಂದ. ಸೆಳೆತ ಬಲವಾಗಿದ್ದಾಗ ವೇಗ ಸೆಕೆಂಡಿಗೆ ಎರಡು ಮೀಟರು ದಾಟಬಹುದು. ಒಲಿಂಪಿಕ್ ಈಜುಗಾರರಿಗೂ ಅದರ ಎದುರು ಈಜಿ ದಡ ಸೇರುವುದು ಕಷ್ಟ.

ಅದರಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಮಕ್ಕಳಿಗೆ ಅಲ್ಲೇ, ಮರಳಿನ ಮೇಲೆ ಬೆರಳಿನಿಂದ ಚಿತ್ರ ಬರೆದು ಹೇಳಿ. ಸೆಳೆತ ಮನುಷ್ಯನನ್ನು ಒಳಕ್ಕೆ ಒಯ್ಯುತ್ತದೆ, ಅಡಿಗೆ ಎಳೆಯುವುದಿಲ್ಲ. ಜೀವ ಹೋಗುವುದು ಅದರೊಡನೆ ಗುದ್ದಾಡಿ ಸುಸ್ತಾಗುವುದರಿಂದ. ಬೆನ್ನ ಮೇಲೆ ತೇಲಬೇಕು, ಒಂದು ಕೈ ಎತ್ತಿ ಬೀಸಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ಓಣಿಯಿಂದ ಹೊರಬಂದ ಮೇಲೆ ಅಲೆಗಳ ಜೊತೆ ಓರೆಯಾಗಿ ಮರಳಬೇಕು. ದಡದಲ್ಲಿರುವವರು ಬರಿಗೈಯಲ್ಲಿ ನೀರಿಗೆ ಹಾರಬಾರದು. ಜೀವರಕ್ಷಕರನ್ನು ಕೂಗಿ ಕರೆಯಿರಿ, ತೇಲುವಂಥದ್ದು ಏನು ಸಿಕ್ಕಿದರೂ ಎಸೆಯಿರಿ.

ಬಾವುಟಗಳನ್ನೂ ಆಗಲೇ ಗುರುತಿಸಿ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನದು, ಅಲ್ಲೇ ಇಳಿಯಿರಿ. ಬರೀ ಕೆಂಪು ಬಾವುಟವಿದ್ದರೆ ಬೇಡ. ಎರಡು ಕೆಂಪು ಬಾವುಟಗಳಿದ್ದರೆ ನೀರಿಗಿಳಿಯುವುದೇ ನಿಷಿದ್ಧ. ಜೀವರಕ್ಷಕರಿದ್ದರೆ ಹತ್ತಿರ ಹೋಗಿ, ‘ಇವತ್ತು ಎಲ್ಲಿ ಇಳಿಯಬಾರದು?’ ಎಂದು ಕೇಳಿ. ಎಲ್ಲಿ ಇಳಿಯಬಹುದು ಎಂದು ಕೇಳುವುದಕ್ಕಿಂತ ಇದಕ್ಕೆ ಹೆಚ್ಚು ವಿವರವಾದ ಉತ್ತರ ಸಿಗುತ್ತದೆ.

ಮೊದಲ ಸಂಜೆ ಮೊಣಕಾಲಿನವರೆಗಷ್ಟೇ. ಚಿಕ್ಕ ಮಕ್ಕಳ ಕೈ ನಿಮ್ಮ ಕೈಯಲ್ಲೇ ಇರಲಿ, ಮೊಣಕಾಲುದ್ದ ನೀರೂ ಮರಳುವಾಗ ಅವರನ್ನು ಉರುಳಿಸುತ್ತದೆ. ಬೆಳಕು ಇಳಿಯುವ ಮೊದಲೇ ಎಲ್ಲರೂ ಮರಳಿನ ಮೇಲಿರಬೇಕು.

ಹಂತ 6: ಕಡಲ ದಿನಗಳು

ಇನ್ನು ಸುಲಭ. ಬೆಳಿಗ್ಗೆ ಹತ್ತರವರೆಗೆ ಮತ್ತು ಸಂಜೆ ನಾಲ್ಕರ ಮೇಲೆ ನೀರು, ನಡುವೆ ನೆರಳು. ಕೊಡೆಯ ಕೆಳಗಿದ್ದರೂ ಸನ್‌ಸ್ಕ್ರೀನ್ ಬೇಕು. ಒಣ ಮರಳು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ 15ರಷ್ಟನ್ನು, ಕಡಲ ನೊರೆ ಸುಮಾರು ಶೇ 25ರಷ್ಟನ್ನು ಪ್ರತಿಫಲಿಸುತ್ತದೆ. ಉಬ್ಬರ ಮತ್ತು ಇಳಿತದ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಸಮಯವಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಮೇಲೇರುತ್ತದೆ. ಒದ್ದೆ ಮರಳಿನ ಮೇಲೆ ಸಾಮಾನನ್ನೂ ಇಡಬೇಡಿ, ಕಾರನ್ನೂ ನಿಲ್ಲಿಸಬೇಡಿ.

ಕಾವಲು ಮಾತ್ರ ಒಬ್ಬರ ಹೆಸರಿನಲ್ಲಿರಲಿ. ನಾಲ್ವರು ದೊಡ್ಡವರಿದ್ದರೆ ನಾಲ್ವರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಕಾವಲಿನವರ ಕೊರಳಿಗೆ ಒಂದು ಸೀಟಿ. ಅದು ಕೊರಳಲ್ಲಿರುವವರೆಗೆ ಫೋನು ಚೀಲದಲ್ಲಿ, ಪುಸ್ತಕ ಮುಚ್ಚಿ, ಕಣ್ಣು ಮಕ್ಕಳ ಮೇಲೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಕೈ ಬದಲಾಗುತ್ತದೆ. ಮುಳುಗುವ ಮಗು ಕಿರುಚುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗು ಹೊರಡುವುದಿಲ್ಲ. ಸದ್ದು ಕೇಳಿ ಓಡೋಣ ಎಂದು ಕಾಯುವವರಿಗೆ ಏನೂ ಕೇಳಿಸುವುದಿಲ್ಲ.

ಹಂತ 7: ಮರಳು ಬಿಡಿಸಿ ಮರಳುವುದು

ಒದ್ದೆ ಕಾಲಿನ ಮರಳನ್ನು ಟವೆಲಿನಿಂದ ಉಜ್ಜಿದರೆ ಚರ್ಮ ಕೀಳುತ್ತದೆ, ಮರಳು ಹೋಗುವುದಿಲ್ಲ. ಕಾಲು ಸ್ವಲ್ಪ ಆರಲು ಬಿಟ್ಟು ಟಾಲ್ಕಂ ಪೌಡರ್ ಉದುರಿಸಿ, ಅಂಗೈಯಿಂದ ಮೆಲ್ಲಗೆ ಸವರಿ. ಪೌಡರ್ ತೇವ ಹೀರಿಕೊಂಡು ಮರಳು ತಾನಾಗಿ ಕಳಚುತ್ತದೆ. ಗಾಳಿಗೆ ಪುಡಿ ಮಕ್ಕಳ ಮುಖಕ್ಕೆ ಹಾರದಂತೆ ಬಗ್ಗಿ, ಕಾಲಿನ ಹತ್ತಿರವೇ ಉದುರಿಸಿ. ಕಾರಿನ ಕಾಲೊರಸುಗಳ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಊರು ತಲುಪಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ಕೊಡವಿ.

ಮನೆಗೆ ಬಂದ ಎರಡು ದಿನಗಳೊಳಗೆ ಕಾರನ್ನು ಸಿಹಿನೀರಿನಿಂದ ತೊಳೆಸಿ. ಮೈ ತೊಳೆದು ಕಳಿಸುವವರೇ ಹೆಚ್ಚು, ಉಪ್ಪು ಕೂತಿರುವುದು ಅಡಿಭಾಗದಲ್ಲಿ. ಗಾಡಿಯನ್ನು ಮೇಲೆತ್ತಿ ಚಕ್ರದ ಒಳಬದಿಗೂ ತಳಕ್ಕೂ ನೀರು ಹೊಡೆಯಲು ಹೇಳಿ, ಮುಗಿಯುವವರೆಗೆ ಅಲ್ಲೇ ನಿಂತು ನೋಡಿ.