ನೀರು ಎಲ್ಲಿಂದ ಬರ್ತಿದೆ ಮೊದಲು ನೋಡಿ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹರಾಜು ಕೂಗಿ ಬದುಕಿದವನು ನಾನು. ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಕುತ್ತಿಗೆಯ ತೂತಿನಲ್ಲೇ ಉಸಿರಾಟ. ಆ ತೂತಿನೊಳಗೆ, ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಗೋಡೆಯಲ್ಲಿ, ಸಿಲಿಕಾನಿನ ಪುಟ್ಟ ವಾಲ್ವ್ ಕೂರಿಸಿದ್ದಾರೆ. ಹೆಬ್ಬೆರಳಲ್ಲಿ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳಕ್ಕೆ ನುಗ್ಗಿ ಅಲ್ಲಿನ ಗೋಡೆ ಅದುರಿಸುತ್ತದೆ. ಈಗ ಅದೇ ನನ್ನ ದನಿ.

ನಾಲ್ಕನೇ ತಿಂಗಳಿಗೆ ಚಹಾ ಕುಡಿದಾಗಲೆಲ್ಲ ಕೆಮ್ಮು ಶುರುವಾಯಿತು. ಗಾಬರಿಯಲ್ಲಿ ಬೆಂಗಳೂರಿಗೆ ಓಡಿದೆ. ಕುಡಿದದ್ದು ಅನ್ನನಾಳದಿಂದ ಶ್ವಾಸನಾಳಕ್ಕೆ ಸೋರುತ್ತಿತ್ತು. ಡಾಕ್ಟರು ಕೇಳಿದ್ದು ಒಂದೇ: "ಲೀಕ್ ವಾಲ್ವಿನ ಮಧ್ಯದಿಂದಲೋ, ಸುತ್ತಲಿಂದಲೋ?" ನಾನು ನೋಡಿಯೇ ಇರಲಿಲ್ಲ.

ಈಗ ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಬೀಟ್ರೂಟ್ ಬೇಯಿಸಿದ ನೀರು ಒಂದು ಗುಟುಕು, ಎದುರಿಗೆ ಕನ್ನಡಿ, ಕೈಯಲ್ಲಿ ಟಾರ್ಚು. ಮೊದಲ ಸಲ ನಮ್ಮಾಕೆ ರಕ್ತ ಅಂದುಕೊಂಡು ಕೂಗಿಬಿಟ್ಟಳು. ಹೇಳದೆ ಮಾಡಿದ್ದು ನನ್ನದೇ ತಪ್ಪು. ಕೆಂಪು ನೀರು ಮಧ್ಯದಿಂದ ಜಿನುಗಿದರೆ ವಾಲ್ವಿನ ಪುಟ್ಟ ಬಾಗಿಲಿಗೆ ಅಗುಳೋ ಕಫವೋ ಸಿಕ್ಕಿರಬಹುದು. ವಾಲ್ವಿನ ಬ್ರಷ್ಷನ್ನು ಒಳಗಿಟ್ಟು ಮೆಲ್ಲಗೆ ತಿರುಗಿಸಿ ಎಳೆದು, ಮತ್ತೆ ಒಂದು ಗುಟುಕು ಕುಡಿದು ನೋಡುತ್ತೇನೆ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿ ಮಾತ್ರ ಬೇಡ. ಹತ್ತಿ ಕಿತ್ತು ಶ್ವಾಸನಾಳಕ್ಕೆ ಬೀಳುತ್ತದೆ. ಬ್ರಷ್ ಆದ ಮೇಲೂ ಸೋರಿದರೆ ಸಾಮಾನ್ಯವಾಗಿ ಫಂಗಸ್ಸಿನದೇ ಕೆಲಸ. ಕ್ಯಾಂಡಿಡಾ ಬಾಗಿಲ ಅಂಚಿಗೆ ಬೆಳೆದು ಅದು ಪೂರ್ತಿ ಮುಚ್ಚದಂತೆ ಮಾಡುತ್ತದೆ. ಆಗ ವಾಲ್ವ್ ಬದಲಿಸಲೇಬೇಕು. ಅಲ್ಲಿಯವರೆಗೆ ಊಟದ ಹೊತ್ತಿಗೆ ವಾಲ್ವಿನೊಳಗೆ ಅದರದೇ ಒಂದು ಪ್ಲಗ್ ತೂರಿಸುತ್ತೇನೆ. ಅದು ಇರುವಷ್ಟು ಹೊತ್ತು ಮಾತಿಲ್ಲ; ಮನೆಯವರಿಗೆ ಅದೇ ಆರಾಮ.

ಸುತ್ತಲಿಂದ ಬಂದರೆ ಬ್ರಷ್ ಎಷ್ಟು ಆಡಿಸಿದರೂ ದಂಡ. ಆಪರೇಷನ್ನಿನ ಬಾವು ಇಳಿದು ಗೋಡೆ ತೆಳುವಾಗಿ, ನನ್ನ 10 ಮಿಲಿಮೀಟರ್ ವಾಲ್ವ್ ಅದಕ್ಕೆ ಉದ್ದ ಹೆಚ್ಚಾಗಿ, ಪಂಪಿನ ಹಿಡಿಕೆಯಂತೆ ಹಿಂದೆ ಮುಂದೆ ಆಡುತ್ತಿತ್ತು. ಅಳತೆ ತೆಗೆದು 8ರದ್ದು ಹಾಕಿದರು, ನಿಂತಿತು. ಕಾಯುವ ದಿನಗಳಲ್ಲಿ ನೀರಿಗಿಂತ ಗಟ್ಟಿ ಅಂಬಲಿ ನನಗೆ ಸಲೀಸಾಗಿತ್ತು.

ಸೋರದೆಯೂ ದನಿ ಕಟ್ಟುವುದುಂಟು. ಜೋಳದ ಸೀಸನ್ನಿನಲ್ಲಿ ಯಾರ್ಡಿನ ಧೂಳಿಗೆ ಕಫ ಒಣಗಿ ವಾಲ್ವಿಗೆ ಅಂಟುತ್ತದೆ. ಅದನ್ನು ತೆಗೆದೆ, ಆದರೂ ಮಾತು ಬರಲಿಲ್ಲ. ನೋಡಿದರೆ ನಾನೇ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತುತ್ತಿದ್ದೆ. ಹಗುರ ಮುಚ್ಚಿದರೆ ಸಾಕು. ಹಮಾಲಿಯೊಬ್ಬ ನಕ್ಕ: "ಅಣ್ಣ, ಮೂಟೆ ಒತ್ತಿದಂಗ್ ಒತ್ತಬೇಡ್ರಿ."

ಒಂದು ರಾತ್ರಿ ಮಾತ್ರ ಕೈ ನಡುಗಿತು. ಬ್ರಷ್ ಎಳೆದಾಗ ವಾಲ್ವೇ ಕೈಗೆ ಬಂತು. ವಾಲ್ವ್ ಕೂತಿದ್ದ ಗೋಡೆಯ ತೂತು ಗಂಟೆಗಳಲ್ಲೇ ಕಿರಿದಾಗತೊಡಗುತ್ತದೆ ಎಂದು ಹೇಳಿಕೊಟ್ಟಿದ್ದರು. ಕಲಿಸಿದಂತೆ ಅದರೊಳಗೆ ರಬ್ಬರ್ ಕ್ಯಾಥೆಟರ್, ಅಂದರೆ ತೆಳು ಕೊಳವೆ, ತೂರಿಸಿ, ಹೊರಗಿನ ತುದಿ ಮಡಚಿ ಕಟ್ಟಿ ಎದೆಗೆ ಪ್ಲಾಸ್ಟರ್ ಅಂಟಿಸಿದೆ. ಬೆಳಗಿನ ಬಸ್ಸಿಗೆ ಹೊರಟೆ, ವಾಲ್ವ್ ಡಬ್ಬಿಯಲ್ಲಿತ್ತು. ಅದು ಕೈಗೆ ಸಿಗದೆ ಕೆಮ್ಮು ಹತ್ತಿದ್ದರೆ ಬಸ್ಸಿಗೆ ಕಾಯುವಂತಿರಲಿಲ್ಲ. ಶ್ವಾಸಕೋಶಕ್ಕೆ ಇಳಿದಿರಬಹುದೆಂದು ರಾತ್ರಿಯೇ ಎಕ್ಸ್‌ರೇ ಇರುವ ಆಸ್ಪತ್ರೆ ಸೇರಬೇಕಿತ್ತು. ಅಂದಿನಿಂದ ಅಂಗಿಯ ಜೇಬಿನಲ್ಲಿ ಸಂತೆಚೀಟಿಯ ಜೊತೆಗೊಂದು ಕ್ಯಾಥೆಟರ್ ಇರುತ್ತದೆ.