ಮ್ಯಾಗಿಯ ಹೆಸರಿನಲ್ಲಿ ಒಂದು ಕಿರ್ದಿ

ಬಿ.ಕಾಂ. ಮಕ್ಕಳಿಗೆ ಶನಿವಾರದ ಕೊನೇ ಪೀರಿಯಡ್ಡು. ಅದರಲ್ಲಿ ಇಂಗ್ಲಿಷ್ ಲೇಖಕಿ ಜಾರ್ಜ್ ಎಲಿಯಟ್ 1860ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಮಿಲ್ ಆನ್ ದಿ ಫ್ಲಾಸ್’ ಓದಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. "ಸಿಲಬಸ್ಸಿನಲ್ಲೇ ಇಲ್ವಲ್ಲ ಮೇಡಂ, ಸುಮ್ನೆ ಯಾಕೆ?" ಅಂದರು ಹಿರಿಯರೊಬ್ಬರು. ಎರಡು ವರ್ಷ ಅವರೇ ಗೆದ್ದರು, ಒಪ್ಪಿಕೊಳ್ಳುತ್ತೇನೆ.

ಮೊದಲ ವರ್ಷ ಅವೆನ್ಯೂ ರೋಡಿನಿಂದ ಹನ್ನೆರಡು ಹಳೇ ಪ್ರತಿ ತಂದೆ. ಕೈಯಿಂದ 1,800 ರೂಪಾಯಿ ಹೋಯಿತು. ವಾಪಸ್ ಬಂದದ್ದು ಐದು. ಒಂದರೊಳಗೆ ಗುರುತಿಗೆ ಬಸ್ ಟಿಕೆಟ್ ಇತ್ತು, ಇಪ್ಪತ್ತನೇ ಪುಟದಲ್ಲಿ! ಎರಡನೇ ವರ್ಷ ಲಿಂಗ ತಾರತಮ್ಯದ ಬಗ್ಗೆ ಉದ್ದ ಭಾಷಣ ಮಾಡಿದೆ. ಹುಡುಗರು ಕಿಟಕಿ ನೋಡಿದರು. ಹುಡುಗಿಯರು, "ಗೊತ್ತಿರೋದೇ ಅಲ್ವಾ ಮೇಡಂ" ಅಂದರು. ಬೇಜಾರಾಗಿ ಒಂದು ತಿಂಗಳು ಪುಸ್ತಕ ಮುಟ್ಟಲಿಲ್ಲ.

ಮೂರನೇ ವರ್ಷ ದಾರಿ ತೋರಿಸಿದ್ದು ಕಾದಂಬರಿಯಲ್ಲಿ ಬರೋ ಗಿರಣಿ ಮಾಲೀಕ ಟಲಿವರ್‌ನ ಒಂದು ಮಾತು. ಮಗ ಟಾಮ್‌ಗಿಂತ ಮಗಳು ಮ್ಯಾಗಿ ಎರಡರಷ್ಟು ಚುರುಕು ಅಂತ ಅವನಿಗೆ ಗೊತ್ತು. ಆದರೂ, ಜಾಸ್ತಿ ಬುದ್ಧಿಯ ಹೆಣ್ಣು ಅಂದ್ರೆ ಉದ್ದ ಬಾಲದ ಕುರಿ ಇದ್ದ ಹಾಗೆ, ಅದಕ್ಕೇನೂ ಬೆಲೆ ಜಾಸ್ತಿ ಸಿಗಲ್ಲ ಅಂತಾನೆ. ಬೆಲೆಯ ಮಾತು ಬಂತಲ್ಲ, ಲೆಕ್ಕವನ್ನೇ ಬರೆಸೋಣ ಅನ್ನಿಸಿತು. ಹೇಗೂ ಇವರು ಕಾಮರ್ಸ್ ಮಕ್ಕಳು. ಟಾಮ್‌ಗೊಂದು ಖಾತೆ, ಮ್ಯಾಗಿಗೊಂದು ಖಾತೆ. ಓದಿದ ಪ್ರತಿ ಅಧ್ಯಾಯಕ್ಕೂ ಕಿರ್ದಿಯಲ್ಲಿ, ಅಂದ್ರೆ ದಿನದ ಲೆಕ್ಕದ ಪುಸ್ತಕದಲ್ಲಿ, ಎಂಟ್ರಿ.

ಅಲ್ಲಿಂದ ಕ್ಲಾಸು ಎದ್ದು ಕೂತಿತು. ಸ್ಟೆಲಿಂಗ್ ಮೇಷ್ಟರ ಹತ್ತಿರ ಟಾಮ್‌ನ ಓದಿಗೆ ವರ್ಷಕ್ಕೆ ನೂರು ಪೌಂಡು. ಮ್ಯಾಗಿಯ ಬೋರ್ಡಿಂಗ್ ಶಾಲೆಗೆ ಎಷ್ಟು ಅಂತ ಮಕ್ಕಳಿಗೆ ಸಿಗಲಿಲ್ಲ, ಆ ಕಾಲಂ ಖಾಲಿ ಬಿಟ್ಟರು. ಟಾಮ್‌ಗೆ ಲ್ಯಾಟಿನ್ ತಲೆಗೇ ಹತ್ತಲ್ಲ. ನೋಡೋಕೆ ಬಂದ ಮ್ಯಾಗಿ ಅವನ ವ್ಯಾಕರಣದ ಪುಸ್ತಕ ತೆರೆದು ಖುಷಿಯಾಗಿ ಓದುತ್ತಾಳೆ. ಹುಡುಗಿಯರು ಬೇಗ ಹಿಡೀತಾರೆ, ಆದರೆ ಆಳ ಇಲ್ಲ ಅಂತಾರೆ ಮೇಷ್ಟರು. ಚುರುಕು ಅನ್ನಿಸಿಕೊಳ್ಳೋದೇ ಅವಳಿಗೆ ಹೆಮ್ಮೆ ಆಗಿತ್ತು. ಈಗ ಅದೇ ಮಾತು ಬೈಗುಳ. ಇದನ್ನು ಯಾವ ಕಡೆ ಬರೆಯೋದು ಅಂತ ಅರ್ಧ ಗಂಟೆ ಜಗಳ. "ನೂರು ಪೌಂಡೂ ದಂಡ ಮೇಡಂ, ಟಾಮ್‌ಗೂ ಮೋಸವೇ" ಅಂದವನು ಹಿಂದಿನ ಬೆಂಚಿನ ಹುಡುಗ. ವರ್ಷದಲ್ಲಿ ಅವನು ಬಾಯಿ ಬಿಟ್ಟಿದ್ದು ಅವತ್ತೇ.

ಅಟ್ಟದ ಗೊಂಬೆ ಬಂದಾಗ ಎಲ್ಲರೂ ಸುಮ್ಮನಾದರು. ಸಿಟ್ಟು ಬಂದಾಗ ಮ್ಯಾಗಿ ಆ ಮರದ ಗೊಂಬೆಯ ತಲೆಗೆ ಮೊಳೆ ಹೊಡೆದಿದ್ದಾಳೆ. ಒಂಬತ್ತು ವರ್ಷಕ್ಕೆ ಮೂರು ಮೊಳೆ. ಒಬ್ಬಳು ಎದ್ದು ಹೋಗಿ ಕಿರ್ದಿಯಲ್ಲಿ ‘ಸವಕಳಿ’ ಅಂತ ಬರೆದು ಬಂದಳು. ಬಳಸಿ ಬಳಸಿ ವಸ್ತುವಿನ ಬೆಲೆ ಇಳಿಯೋದಕ್ಕೆ ಲೆಕ್ಕದಲ್ಲಿ ಹೇಳೋ ಮಾತು ಅದು. ಈ ಪದ ನನಗೆ ಹೊಳೆದಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕುರಿಯ ಮಾತನ್ನು ಅವರವರ ಮನೆ ಕನ್ನಡಕ್ಕೆ ತರೋಕೆ ಹೇಳಿದೆ. "ನಮ್ ಕುರಿಗೆ ಬಾಲ ಗಿಡ್ಡನೇ ಮೇಡಂ, ಸಂತೇಲಿ ಹಲ್ಲು ನೋಡ್ತಾರೆ" ಅಂತ ಕುರಿ ಸಾಕೋ ಮನೆಯ ಹುಡುಗ ತಿದ್ದಿದ. ಆಮೇಲೆ ಕ್ಲಾಸು ಸಂತೆಯೇ ಆಯಿತು, ಕಾದಂಬರಿ ಹೋಗೇ ಬಿಟ್ಟಿತು. ನಾಟಕ ಆಡಿಸಿದ್ದಂತೂ ಪೂರ್ತಿ ದಂಡ. ಮ್ಯಾಗಿ ಕೂದಲು ಕತ್ತರಿಸಿಕೊಳ್ಳೋ ದೃಶ್ಯಕ್ಕೆ ವಿಗ್ ಬಾಡಿಗೆ 300, ನಗು ಬಿಟ್ಟು ಬೇರೇನೂ ಹುಟ್ಟಲಿಲ್ಲ.

ಸುಮಾರು ಅರವತ್ತು ಜನರಲ್ಲಿ ನಲವತ್ತು ಮಂದಿ ಕೊನೆಯ ಪ್ರವಾಹದವರೆಗೂ ಓದಿದರು. ನಕ್ಕಿದ್ದ ಹಿರಿಯರು ಈಗ ಆ ಕಿರ್ದಿ ಕೇಳಿ ತಗೊಂಡು ಹೋಗಿದ್ದಾರೆ! ಕೊನೇ ದಿನ ಖಾತೆ ಮುಗಿಸೋಕೆ ಮುಂಚೆ ನಾನೊಂದು ಪ್ರಶ್ನೆ ಕೇಳ್ತೀನಿ. ಅದನ್ನ ಅವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಮಾಡೋದಾದ್ರೆ ಪ್ರತಿ ಕೊಳ್ಳಬೇಡಿ, ಪುಸ್ತಕ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಬೇಕಾದ ಅಧ್ಯಾಯ ಮಾತ್ರ ಜೆರಾಕ್ಸ್ ಮಾಡಿಸಿ, 500ರ ಆಸುಪಾಸು ಆಗುತ್ತೆ. ಬೈಂಡು ಹಾಕಿದ ಕಿರ್ದಿ ಪುಸ್ತಕವೂ ಬೇಡ, 200 ಪುಟದ ಲಾಂಗ್ ಬುಕ್ ಸಾಕು. ಮ್ಯಾಗಿಗೆ ಜಾಸ್ತಿ ಪುಟ ಬಿಡಿ.