ಯುದ್ಧಕ್ಕೆ ಒಪ್ಪಿಗೆ ಕೊಡುವವರು ಯಾರು? ತರಗತಿಯಲ್ಲಿ ನಾನು ಈ ಪಾಠ ಮಾಡುವ ಬಗೆ

ಕಾನೂನು ಕಾಲೇಜಿನಲ್ಲಿ ಸಂವಿಧಾನ ಕಲಿಸುವುದು ನನ್ನ ಕೆಲಸ. ಯುದ್ಧಾಧಿಕಾರದ ಪಾಠ ಬಂದಾಗ ನಾನು ಉಪನ್ಯಾಸದಿಂದ ಆರಂಭಿಸುವುದಿಲ್ಲ. ಸಂವಿಧಾನದ ಪ್ರತಿಯನ್ನು ಮೇಜಿನ ಮೇಲಿಟ್ಟು, ‘ಯುದ್ಧ ಘೋಷಿಸುವ ಅಧಿಕಾರ ಯಾರಿಗಿದೆ? ವಿಧಿಯನ್ನು ತೋರಿಸಿ’ ಎನ್ನುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳನ್ನು ಅರೆದು ಕುಡಿದವರು ಕ್ಷಣವೂ ತಡೆಯದೆ ‘ರಾಷ್ಟ್ರಪತಿಗೆ ಸರ್, 53(2)’ ಎನ್ನುತ್ತಾರೆ. ಸರಿ, ಗಟ್ಟಿಯಾಗಿ ಓದಿ ಎಂದರೆ ದನಿ ಇಳಿಯುತ್ತದೆ. ರಕ್ಷಣಾ ಪಡೆಗಳ ಸರ್ವೋಚ್ಚ ಅಧಿಪತ್ಯ ರಾಷ್ಟ್ರಪತಿಯದು, ಅದರ ಚಲಾವಣೆ ಕಾನೂನಿನ ಪ್ರಕಾರ ನಡೆಯಬೇಕು ಎಂದಷ್ಟೇ ಅಲ್ಲಿದೆ. ಘೋಷಣೆಯ ಮಾತೇ ಇಲ್ಲ.

ಮುಂದಿನ ಊಹೆ 352ನೇ ವಿಧಿ. ಅದು ತುರ್ತು ಪರಿಸ್ಥಿತಿಯ ಉದ್ಘೋಷಣೆಗೆ ಸಂಬಂಧಿಸಿದ್ದು. ಯುದ್ಧವಿಲ್ಲದೆ ತುರ್ತು ಪರಿಸ್ಥಿತಿ ಬಂದದ್ದನ್ನು 1975ರಲ್ಲಿ ನೋಡಿದ್ದೇವೆ, ತುರ್ತು ಪರಿಸ್ಥಿತಿಯಿಲ್ಲದೆ ಕದನ ನಡೆದದ್ದನ್ನು 1999ರಲ್ಲಿ. ಕೊನೆಗೆ ಯಾರಾದರೂ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಗೆ ಬಂದು 15ನೇ ನಮೂದನ್ನು ಹಿಡಿಯುತ್ತಾರೆ: ‘ಯುದ್ಧ ಮತ್ತು ಶಾಂತಿ’. ಅಂದರೆ ಇದು ಸಂಸತ್ತು ಕಾನೂನು ಮಾಡಬಹುದಾದ ವಿಷಯ. ಆದರೆ ಯುದ್ಧಕ್ಕೆ ಹೊರಡುವ ಮುನ್ನ ಹೀಗೆ ಮಾಡಬೇಕು ಎಂಬ ಕಾನೂನನ್ನು ಸಂಸತ್ತು ಈವರೆಗೆ ಮಾಡಿಲ್ಲ. 73ನೇ ವಿಧಿಯ ಪ್ರಕಾರ, ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳಿಗೆಲ್ಲ ಕೇಂದ್ರ ಸರ್ಕಾರದ ಕಾರ್ಯಾಧಿಕಾರವೂ ಚಾಚುತ್ತದೆ. ಕಾನೂನು ಇಲ್ಲವೆಂಬ ಕಾರಣಕ್ಕೆ ಕಾರ್ಯಾಂಗ ಕೈಕಟ್ಟಿ ಕೂರಬೇಕಿಲ್ಲ ಎಂದು 1955ರ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವುಗಳ ಜೊತೆಗೆ, ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆನ್ನುವ 74ನೇ ವಿಧಿಯನ್ನು ಇಟ್ಟರೆ ಉತ್ತರ ಸ್ಪಷ್ಟ. ನಿರ್ಧಾರ ಮಂತ್ರಿ ಸಂಪುಟದ್ದು, ಹೆಸರು ರಾಷ್ಟ್ರಪತಿಯದು.

‘ಹಾಗಾದರೆ ಸಂಸತ್ತಿಗೇನು ಉಳಿಯಿತು?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 75(3)ರ ಸಾಮೂಹಿಕ ಹೊಣೆಗಾರಿಕೆ, ಅಂದರೆ ಮಂತ್ರಿಗಳೆಲ್ಲ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು ಎಂಬುದು. ಪುಸ್ತಕದ ಉತ್ತರವಾಗಿ ಅದು ಸರಿ, ಆದರೆ ಅದರಿಂದ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಆದ್ದರಿಂದ ನಾನು ಕಪ್ಪು ಹಲಗೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ರಣರಂಗದ ದಿನಾಂಕಗಳು, ಬಲಕ್ಕೆ ಸಂಸತ್ತಿನ ದಿನಾಂಕಗಳು.

ಮೊದಲು 1962. ಅಕ್ಟೋಬರ್ 20ಕ್ಕೆ ಚೀನಾದ ದಾಳಿ, 26ಕ್ಕೆ ತುರ್ತು ಪರಿಸ್ಥಿತಿ. ನವೆಂಬರ್ 19ಕ್ಕೆ ಸೇರಬೇಕಿದ್ದ ಸಂಸತ್ತು 8ಕ್ಕೇ ಸೇರಿತು. ಬೇಗ ಕರೆಯಿರಿ ಎಂದು ನೆಹರೂ ಅವರನ್ನು ಒತ್ತಾಯಿಸಿದವರಲ್ಲಿ ಆಗ ರಾಜ್ಯಸಭಾ ಸದಸ್ಯರಾಗಿದ್ದ ವಾಜಪೇಯಿ ಒಬ್ಬರು. ಚರ್ಚೆ ಗುಪ್ತವಾಗಿರಲಿ ಎಂದು ಲೋಕಸಭಾ ಸದಸ್ಯ ಎಲ್. ಎಂ. ಸಿಂಘ್ವಿ ಸೂಚಿಸಿದರು, ನೆಹರೂ ಒಪ್ಪಲಿಲ್ಲ. ಬಾಗಿಲು ತೆರೆದಿಟ್ಟುಕೊಂಡೇ ಲೋಕಸಭೆಯಲ್ಲಿ ನೂರಕ್ಕೂ ಹೆಚ್ಚು ಸದಸ್ಯರು ಮಾತನಾಡಿದರು. ನವೆಂಬರ್ 14ರಂದು ನಿರ್ಣಯ ಅಂಗೀಕಾರವಾಯಿತು. ಅದಾದ ಕೆಲವೇ ದಿನಗಳಲ್ಲಿ ಈಶಾನ್ಯ ಗಡಿಯ ಸೇಲಾ, ಬೊಮ್ದಿಲಾ ಕೈಬಿಟ್ಟುಹೋದವು. ಎಡಬಲದ ಈ ಎರಡು ಸಾಲುಗಳನ್ನು ಒಟ್ಟಿಗೆ ಓದಿದಾಗ, ಸಂಸತ್ತಿನ ಮಾತು ಯುದ್ಧವನ್ನು ಗೆಲ್ಲಿಸದು ಎಂಬುದು ತಿಳಿಯುತ್ತದೆ. ಅದು ಮಂತ್ರಿಯನ್ನು ಇಳಿಸಬಲ್ಲದು ಎಂಬುದೂ ತಿಳಿಯುತ್ತದೆ. ಸ್ವಪಕ್ಷದ ಸಂಸದರೇ ತಿರುಗಿಬಿದ್ದಿದ್ದರಿಂದ, ದಾಳಿಯ ವೇಳೆ ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನ್ ಅಧಿವೇಶನ ಶುರುವಾಗುವ ಹೊತ್ತಿಗೆ ಸಂಪುಟದಲ್ಲಿರಲಿಲ್ಲ.

(ಇಲ್ಲಿ ಕೊಡಗಿನ ವಿದ್ಯಾರ್ಥಿ ಯಾರಾದರೂ ಇದ್ದರೆ ಜನರಲ್ ತಿಮ್ಮಯ್ಯನವರ 1959ರ ರಾಜೀನಾಮೆಯ ಮಾತು ಬಂದೇ ಬರುತ್ತದೆ. ಅದು ಮಂತ್ರಿ ಮೆನನ್ ಮತ್ತು ಸೇನಾ ಮುಖ್ಯಸ್ಥರ ನಡುವಿನ ಜಗಳ, ನಮ್ಮ ಪಾಠವಲ್ಲ ಎಂದು ಹೇಳಿದರೂ ಅರ್ಧ ಗಂಟೆ ಹೋಗುತ್ತದೆ. ಹೋಗಲಿ ಎಂದು ಬಿಡುತ್ತೇನೆ.)

1965ರಲ್ಲಿ ಹೊಸ ತುರ್ತು ಪರಿಸ್ಥಿತಿ ಬೇಕಾಗಲಿಲ್ಲ, 1962ರದ್ದೇ 1968ರವರೆಗೆ ಜಾರಿಯಲ್ಲಿತ್ತು! ಸೆಪ್ಟೆಂಬರ್ 6ರಂದು ಪಡೆಗಳು ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿದಾಗ ಸಂಸತ್ತು ಸೇರಿತ್ತು, ರಕ್ಷಣಾ ಮಂತ್ರಿ ಚವಾಣ್ ಅವತ್ತೇ ಹೇಳಿಕೆ ಕೊಟ್ಟರು. 1971ರಲ್ಲಿ ಮಾರ್ಚ್ 31ಕ್ಕೇ ಪೂರ್ವ ಬಂಗಾಳದ ಜನರ ಪರವಾಗಿ ಎರಡೂ ಸದನಗಳ ನಿರ್ಣಯ, ಡಿಸೆಂಬರ್ 3ಕ್ಕೆ ಪಾಕಿಸ್ತಾನದ ವಿಮಾನ ದಾಳಿ, 6ಕ್ಕೆ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟ ಸುದ್ದಿ ಲೋಕಸಭೆಯಲ್ಲಿ, 16ಕ್ಕೆ ಶರಣಾಗತಿಯ ಸುದ್ದಿಯೂ ಲೋಕಸಭೆಯಲ್ಲಿ. ಎಡಬಲ ಹೀಗೆ ಸಾಲುಸಾಲಾಗಿ ಹೊಂದುವುದು ಅದೊಂದೇ ವರ್ಷ.

1999ಕ್ಕೆ ಬಂದಾಗ ಬಲಭಾಗ ಬೋಳಾಗುತ್ತದೆ. ಏಪ್ರಿಲ್ 17ರಂದು ಒಂದು ಮತದಿಂದ ಸರ್ಕಾರ ಬಿತ್ತು, 26ರಂದು ಲೋಕಸಭೆ ವಿಸರ್ಜನೆಯಾಯಿತು. ಮೇ ತಿಂಗಳಲ್ಲಿ ಕಾರ್ಗಿಲ್. ಉಸ್ತುವಾರಿ ಸರ್ಕಾರವೇ ಇಡೀ ಕದನವನ್ನು ನಡೆಸಿತು. ರಾಜ್ಯಸಭೆ ವಿಸರ್ಜನೆಯಾಗುವ ಸದನವಲ್ಲ, ಅದನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು, ಕರೆಯಲಿಲ್ಲ. ಹಣಕ್ಕೂ ಅಡ್ಡಿಯಿರಲಿಲ್ಲ. ಸರ್ಕಾರ ಬಿದ್ದ ಮೇಲೂ ಎಲ್ಲ ಪಕ್ಷಗಳು ಒಪ್ಪಿ ಚರ್ಚೆಯಿಲ್ಲದೆ ಬಜೆಟ್ ಪಾಸು ಮಾಡಿದ್ದವು. ಕಾರ್ಗಿಲ್ ಕದನವನ್ನು ಪರಿಶೀಲಿಸಿದ ಸುಬ್ರಹ್ಮಣ್ಯಂ ಸಮಿತಿಯ ವರದಿ ಸದನದ ಮುಂದೆ ಬಂದದ್ದು 2000ದ ಫೆಬ್ರುವರಿಯಲ್ಲಿ.

2019ರ ಬಾಲಾಕೋಟ್ ದಾಳಿ ಫೆಬ್ರುವರಿ 26ರಂದು, ಆ ಲೋಕಸಭೆಯ ಕೊನೆಯ ಅಧಿವೇಶನ ಮುಗಿದದ್ದು 13ರಂದು. 2025ರಲ್ಲಿ ಆಪರೇಷನ್ ಸಿಂಧೂರ ಮೇ 7ಕ್ಕೆ ಶುರುವಾಗಿ 10ಕ್ಕೆ ನಿಂತಿತು. ವಿಶೇಷ ಅಧಿವೇಶನದ ಬೇಡಿಕೆಗೆ ಸರ್ಕಾರ ಒಪ್ಪಲಿಲ್ಲ, ಚರ್ಚೆ ನಡೆದದ್ದು ಜುಲೈ ಕೊನೆಯಲ್ಲಿ, ಮುಂಗಾರು ಅಧಿವೇಶನದಲ್ಲಿ.

ಹಲಗೆ ತುಂಬಿದ ಮೇಲೆ ನಾನು 85ನೇ ವಿಧಿಯನ್ನು ಓದಿಸುತ್ತೇನೆ. ಸದನವನ್ನು ಕರೆಯುವವರು ರಾಷ್ಟ್ರಪತಿ, ಅಂದರೆ ಸಂಪುಟ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬುದೊಂದೇ ಕಟ್ಟು. ನನ್ನ ಅಭಿಪ್ರಾಯವನ್ನು ನಾನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಯುದ್ಧದ ಕಾಲಕ್ಕೆ ಸಂಸತ್ತಿನ ಪಾತ್ರ ಎಷ್ಟು ಎಂಬುದು ಆ ಹೊತ್ತಿಗೆ ಅಧಿವೇಶನ ನಡೆಯುತ್ತಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಆ ಕ್ಯಾಲೆಂಡರ್ ಇರುವುದು ಕಾರ್ಯಾಂಗದ ಕೈಯಲ್ಲಿ.

ಹಣದ ವಿಷಯಕ್ಕೆ ಒಂದು ಹಳೆಯ ಲಕೋಟೆ ಇಟ್ಟುಕೊಂಡಿದ್ದೇನೆ. 1971ರ ನವೆಂಬರ್‌ನಿಂದ ಟಪಾಲಿಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕಿತ್ತು, ಬಂಗಾಳದಿಂದ ಬಂದ ನಿರಾಶ್ರಿತರ ಪರಿಹಾರಕ್ಕೆ. ಲಕೋಟೆಯನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಾ 265ನೇ ವಿಧಿಯನ್ನು ಓದಿಸುತ್ತೇನೆ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಎತ್ತುವಂತಿಲ್ಲ. ಜನರಿಂದ ಐದು ಪೈಸೆ ಎತ್ತಲು ಕಾನೂನು ಬೇಕು, ಸೈನ್ಯ ಗಡಿ ದಾಟಲು ಬೇಡ. ಈ ಎರಡನ್ನು ಒಟ್ಟಿಗೆ ಕೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಆಮೇಲೆ ಅಮೆರಿಕ. ಅಲ್ಲಿ ಯುದ್ಧ ಘೋಷಣೆ ಕಾಂಗ್ರೆಸ್ಸಿನದು, ಸೇನೆಯ ದಂಡನಾಯಕತ್ವ ಅಧ್ಯಕ್ಷರದು ಎಂದು ಸಂವಿಧಾನವೇ ಹಂಚಿಕೊಟ್ಟಿದೆ. ಆದರೂ ಕಾಂಗ್ರೆಸ್ ವಿಧ್ಯುಕ್ತವಾಗಿ ಯುದ್ಧ ಘೋಷಿಸಿದ್ದು 1942ರಲ್ಲೇ ಕೊನೆ. ಕೊರಿಯಾ, ವಿಯೆಟ್ನಾಂ ಎಲ್ಲ ಆಮೇಲಿನವು. 1973ರಲ್ಲಿ ನಿಕ್ಸನ್‌ರ ವೀಟೊವನ್ನು ಮೀರಿ ಕಾಂಗ್ರೆಸ್ ಒಂದು ಕಾನೂನು ತಂದಿತು. ಪಡೆಗಳನ್ನು ಕಾಳಗಕ್ಕಿಳಿಸಿದ 48 ಗಂಟೆಯೊಳಗೆ ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ವಾಪಸಾತಿಗೆ ಬೇಕಾದರೆ ಇನ್ನು 30 ದಿನ. 2011ರಲ್ಲಿ ಲಿಬಿಯಾದ ಕಾರ್ಯಾಚರಣೆ 60 ದಿನ ದಾಟಿದಾಗ, ಇದು ಆ ಕಾನೂನು ಹೇಳುವ ಬಗೆಯ ಕಾಳಗವೇ ಅಲ್ಲ ಎಂದು ಒಬಾಮ ಆಡಳಿತ ವಾದಿಸಿತು. ವಕೀಲರಾಗಲಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಕೊನೆಗೆ ಭಾರತಕ್ಕೊಂದು ಮಸೂದೆಯ ಕರಡು ಬರೆಯಲು ಹೇಳುತ್ತೇನೆ. 48 ಗಂಟೆಯ ವರದಿಯ ಕಲಮನ್ನು ಎಲ್ಲ ಗುಂಪುಗಳೂ ಸಲೀಸಾಗಿ ಬರೆಯುತ್ತವೆ. 60 ದಿನದ ಕಲಮು ಬಂದಾಗ ಜಗಳ. ಬಾಲಾಕೋಟ್ ಒಂದು ರಾತ್ರಿಯ ಕೆಲಸ, ಸಿಂಧೂರ ನಾಲ್ಕು ದಿನದ್ದು. ಇವನ್ನು ಮುಟ್ಟದ ಗಡುವು ಇದ್ದರೆಷ್ಟು, ಬಿಟ್ಟರೆಷ್ಟು? ಮೊದಲೇ ಒಪ್ಪಿಗೆ ಪಡೆಯಬೇಕೆಂದರೆ ಗುಟ್ಟು ಉಳಿಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ದಿನಗಳ ಲೆಕ್ಕವನ್ನೇ ಬಿಟ್ಟು ಬೇರೆ ದಾರಿ ಹಿಡಿದಿದ್ದಳು: ವರದಿ ಸಭಾಧ್ಯಕ್ಷರ ಕೈಸೇರಿದ ಇಂತಿಷ್ಟು ದಿನಗಳಲ್ಲಿ ಸದನ ತಾನಾಗಿಯೇ ಸೇರತಕ್ಕದ್ದು, ಲೋಕಸಭೆ ವಿಸರ್ಜನೆಯಾಗಿದ್ದರೆ ರಾಜ್ಯಸಭೆ ಸೇರತಕ್ಕದ್ದು. ಇದಕ್ಕೆ 85ನೇ ವಿಧಿಯ ತಿದ್ದುಪಡಿಯೇ ಬೇಕಾದೀತು ಎಂದು ಅಂಚಿನಲ್ಲಿ ಬರೆದೆ, ಆದರೆ ಪೂರ್ತಿ ಅಂಕ ಕೊಟ್ಟೆ.

ಈ ಪಾಠವನ್ನು ಮಾಡಬಯಸುವ ಶಿಕ್ಷಕರು 1962ರ ನವೆಂಬರ್‌ನ ಲೋಕಸಭಾ ಚರ್ಚೆಗಳಿಂದಲೇ ಆರಂಭಿಸಿ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಅವು ಸಿಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ದಿನದ ಕಲಾಪ ಹಂಚಿ. ನೆಹರೂ ಭಾಷಣವನ್ನು ಎಲ್ಲರೂ ಓದಿಕೊಂಡು ಬರುತ್ತಾರೆ. ವಿರೋಧ ಪಕ್ಷದವರು ಅಡ್ಡ ಬಾಯಿ ಹಾಕಿ ಕೇಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ ತರಲು ಹೇಳಿ.